ಸೆರಾಮಿಕ್ ಚಿಪ್ ಕೆಪಾಸಿಟರ್: ಅನುಕೂಲಗಳು, ಮಿತಿಗಳು ಮತ್ತು ಕರಾವಳಿ ತಾಲ್ಲೂಕುಗಳ ಬಳಕೆದಾರರಿಗೆ ಮಾಹಿತಿ

ವಿದ್ಯುನ್ಮಾನ ಉಪಕರಣಗಳ ದುರಸ್ತಿಯನ್ನು ಸ್ವಂತ ಉದ್ಯೋಗವಾಗಿ ಕೈಗೊಳ್ಳಲು ತರಬೇತಿಗೆ ಅಥವಾ ಸಾಲ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವವರಿಗೂ, ಕೆಟ್ಟ ಉಪಕರಣವನ್ನು ದುರಸ್ತಿಗೆ ಒಯ್ಯುವ ಸಾರ್ವಜನಿಕರಿಗೂ ಉಪಯುಕ್ತವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಸೆರಾಮಿಕ್ ಚಿಪ್ ಕೆಪಾಸಿಟರ್ ಎಂಬುದು ಮೊಬೈಲ್ ದೂರವಾಣಿ, ದೂರದರ್ಶನ, ಸೆಟ್ ಟಾಪ್ ಬಾಕ್ಸ್, ಇನ್ವರ್ಟರ್, ವಿದ್ಯುತ್ ಮೀಟರ್, ಪಂಪ್‌ಸೆಟ್ಟಿನ ವಿದ್ಯುನ್ಮಾನ ನಿಯಂತ್ರಕ, ಮೀನುಗಾರಿಕಾ ದೋಣಿಯ ಜಿಪಿಎಸ್ ಇವೆಲ್ಲವುಗಳಲ್ಲಿಯೂ ಇರುವ, ಎಳ್ಳಿನ ಕಾಳಿನಷ್ಟು ಅಥವಾ ಅದಕ್ಕಿಂತಲೂ ಚಿಕ್ಕದಾದ ಬಿಡಿಭಾಗ. ಒಂದು ಸಾಮಾನ್ಯ ಸ್ಮಾರ್ಟ್‌ಫೋನಿನಲ್ಲಿ ಇಂತಹವು ನೂರಾರು ಇರುತ್ತವೆ; ಹೆಚ್ಚಿನ ಸೌಲಭ್ಯಗಳುಳ್ಳ ಫೋನಿನಲ್ಲಿ ಸಾವಿರದ ಆಸುಪಾಸಿಗೆ ಹೋಗುತ್ತದೆ.

ದುರಸ್ತಿ ಅಂಗಡಿಯಲ್ಲಿ "ಬೋರ್ಡ್ ಹೋಗಿದೆ, ಹೊಸದೇ ಹಾಕಬೇಕು" ಎಂಬ ಮಾತನ್ನು ಕೇಳದವರು ವಿರಳ. ಬೋರ್ಡಿನ ಬೆಲೆ ಸಾವಿರಾರು ರೂಪಾಯಿ. ಆ ಬೋರ್ಡಿನಲ್ಲಿ ಕೆಟ್ಟಿರುವುದು ಅನೇಕ ವೇಳೆ ಬಿರುಕು ಬಿಟ್ಟ ಒಂದೇ ಒಂದು ಚಿಪ್ ಕೆಪಾಸಿಟರ್ ಆಗಿದ್ದು, ಅದರ ಬೆಲೆಯನ್ನು ಪೈಸೆಗಳಲ್ಲಿ ಅಥವಾ ಕೆಲವೇ ರೂಪಾಯಿಗಳಲ್ಲಿ ಎಣಿಸಬಹುದು. ಎಲ್ಲ ಬೋರ್ಡುಗಳ ವಿಷಯವೂ ಹೀಗೆಯೇ ಎಂದು ಭಾವಿಸತಕ್ಕದ್ದಲ್ಲ. ಆದರೆ ಪರೀಕ್ಷಿಸದೆ ಬೋರ್ಡನ್ನೇ ಬದಲಾಯಿಸುವ ರೂಢಿ ಬೆಳೆದಿರುವುದರಿಂದ, ಈ ಬಿಡಿಭಾಗದ ಗುಣದೋಷಗಳನ್ನು ತಿಳಿದ ದುರಸ್ತಿಗಾರನೊಬ್ಬ ಹತ್ತಿರದಲ್ಲಿರುವುದು ಕುಮಟಾ ತಾಲ್ಲೂಕಿನ ಕತಗಾಲದಂತಹ, ಪೇಟೆಯಿಂದ ದೂರವಿರುವ ಊರುಗಳಿಗೆ ದೊಡ್ಡ ಅನುಕೂಲ.

ಕೆಪಾಸಿಟರ್‌ನ ಕಾರ್ಯ

ಶಾಲಾ ಪಠ್ಯಗಳಲ್ಲಿ ಇದನ್ನು ಧಾರಕ ಅಥವಾ ಸಂಧಾರಕ ಎಂದು ಕರೆಯಲಾಗಿದೆ. ಹಳೆಯ ರೇಡಿಯೋ ಮೆಕ್ಯಾನಿಕ್‌ಗಳು ಕಂಡೆನ್ಸರ್ ಎನ್ನುತ್ತಾರೆ. ಎರಡು ಲೋಹದ ಫಲಕಗಳ ನಡುವೆ ವಿದ್ಯುತ್ ಹರಿಯಗೊಡದ ಒಂದು ಪದರವಿದ್ದರೆ ಅದು ಕೆಪಾಸಿಟರ್. ಅಡಿಕೆ ತೋಟದ ಮೇಲ್ಭಾಗದಲ್ಲಿ ಕಟ್ಟಿದ ನೀರಿನ ತೊಟ್ಟಿಯ ಕೆಲಸವನ್ನು ಇದಕ್ಕೆ ಹೋಲಿಸಬಹುದು. ಬರುವ ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾದರೂ ತೊಟ್ಟಿ ತುಂಬಿದ್ದರೆ ತೋಟಕ್ಕೆ ಹೋಗುವ ನೀರು ಒಂದೇ ಸಮನಾಗಿರುತ್ತದೆ. ಅದೇ ರೀತಿ ಬೋರ್ಡಿನ ಮೇಲಿನ ಪ್ರತಿಯೊಂದು ಐಸಿಯ ಪಕ್ಕದಲ್ಲಿಯೂ ಕೆಪಾಸಿಟರ್‌ಗಳನ್ನು ಇಟ್ಟು, ಐಸಿಯು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಎಳೆದಾಗ ವೋಲ್ಟೇಜು ಕುಸಿಯದಂತೆ ನೋಡಿಕೊಳ್ಳಲಾಗುತ್ತದೆ. ಬೇಡವಾದ ಗದ್ದಲವನ್ನು ಸೋಸುವುದು, ಆಂದೋಲಕದ ಆವರ್ತನವನ್ನು ನಿಗದಿಪಡಿಸುವುದು ಇದರ ಇತರ ಕೆಲಸಗಳು.

ಇದರ ಅಳತೆ ಫ್ಯಾರಡ್. ಬಳಕೆಯಲ್ಲಿ ಫ್ಯಾರಡ್ ಬಹಳ ದೊಡ್ಡ ಮಾನವಾದುದರಿಂದ ಮೈಕ್ರೋಫ್ಯಾರಡ್, ನ್ಯಾನೋಫ್ಯಾರಡ್, ಪಿಕೋಫ್ಯಾರಡ್‌ಗಳಲ್ಲಿ ಹೇಳುವುದು ವಾಡಿಕೆ. 1 ಮೈಕ್ರೋಫ್ಯಾರಡ್ ಎಂದರೆ 1,000 ನ್ಯಾನೋಫ್ಯಾರಡ್, ಅಂದರೆ 10 ಲಕ್ಷ ಪಿಕೋಫ್ಯಾರಡ್.

ರಚನೆ ಮತ್ತು ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಉತ್ತಮ ದರ್ಜೆಯ ಕೆಪಾಸಿಟರ್‌ಗಳಿಗೆ ಅಭ್ರಕವನ್ನು, ಅಂದರೆ ಜನರು ಕಾಗೆಬಂಗಾರವೆಂದು ಕರೆಯುವ ಖನಿಜವನ್ನು ಬಳಸಲಾಗುತ್ತಿತ್ತು. ಜಗತ್ತಿಗೆ ಅಭ್ರಕದ ಹಾಳೆಗಳನ್ನು ಪೂರೈಸುತ್ತಿದ್ದ ಪ್ರಮುಖ ದೇಶ ಭಾರತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಪೂರೈಕೆ ಅನಿಶ್ಚಿತವಾದಾಗ ಬದಲಿ ವಸ್ತುವಿನ ಹುಡುಕಾಟ ತೀವ್ರಗೊಂಡಿತು. 1940ರ ದಶಕದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಜಪಾನುಗಳಲ್ಲಿ ಪ್ರತ್ಯೇಕವಾಗಿ ಬೇರಿಯಂ ಟೈಟನೇಟ್ ಎಂಬ ಪಿಂಗಾಣಿ ವಸ್ತುವಿನ ಅಸಾಧಾರಣ ಗುಣ ಬೆಳಕಿಗೆ ಬಂದಿತು. ಅದೇ ಗಾತ್ರದಲ್ಲಿ ಅಭ್ರಕಕ್ಕಿಂತ ನೂರಾರು ಪಟ್ಟು ಹೆಚ್ಚು ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯ ಇದಕ್ಕಿದೆ. ಇಂದಿನ ಹೆಚ್ಚಿನ ಧಾರಣೆಯ ಚಿಪ್ ಕೆಪಾಸಿಟರ್‌ಗಳೆಲ್ಲ ಇದೇ ವಸ್ತುವಿನವು.

ತಯಾರಿಕೆಯಲ್ಲಿ ಪಿಂಗಾಣಿಯ ನುಣುಪಾದ ಪುಡಿಯನ್ನು ಅಂಟುದ್ರವದೊಡನೆ ಕಲಸಿ ತೆಳ್ಳನೆಯ ಹಾಳೆಗಳಾಗಿ ಎರೆಯಲಾಗುತ್ತದೆ. ಹಾಳೆಯ ಮೇಲೆ ಲೋಹದ ಲೇಪವನ್ನು ಅಚ್ಚೊತ್ತಿ, ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಒತ್ತಿ, ಚಿಕ್ಕ ತುಂಡುಗಳಾಗಿ ಕತ್ತರಿಸಿ, 1,000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಸುಡಲಾಗುತ್ತದೆ. ಕುಂಬಾರಿಕೆಯ ತತ್ತ್ವವೇ ಇಲ್ಲಿಯದೂ. ಆದರೆ ಪದರದ ದಪ್ಪ ಒಂದು ಮೈಕ್ರಾನಿಗಿಂತ ಕಡಿಮೆ ಇರಬಹುದು; ಪದರಗಳ ಸಂಖ್ಯೆ ನೂರಾರು ಇರಬಹುದು. ಮೊದಲಿಗೆ ಲೋಹದ ಲೇಪಕ್ಕೆ ದುಬಾರಿಯಾದ ಪಲ್ಲೇಡಿಯಂ ಮತ್ತು ಬೆಳ್ಳಿ ಬಳಕೆಯಲ್ಲಿದ್ದವು. 1990ರ ದಶಕದಿಂದ ಅದರ ಸ್ಥಾನಕ್ಕೆ ನಿಕ್ಕಲ್ ಬಂದ ಮೇಲೆ ಬೆಲೆ ಬಹಳವಾಗಿ ಇಳಿಯಿತು. ಇಂದು ಇವು ಬಹುಪಾಲು ಜಪಾನ್, ದಕ್ಷಿಣ ಕೊರಿಯಾ, ತೈವಾನ್ ಮತ್ತು ಚೀನಾಗಳಿಂದ ಬರುತ್ತವೆ.

ಬೇರಿಯಂ ದೊರೆಯುವ ಬ್ಯಾರೈಟ್ ಖನಿಜದ ಬಹು ದೊಡ್ಡ ನಿಕ್ಷೇಪ ಆಂಧ್ರಪ್ರದೇಶದ ಮಂಗಂಪೇಟೆಯಲ್ಲಿಯೂ, ಟೈಟೇನಿಯಂ ದೊರೆಯುವ ಇಲ್ಮನೈಟ್ ಮರಳು ಕೇರಳದ ಚವರದಲ್ಲಿಯೂ ಇವೆ. ಕಚ್ಚಾವಸ್ತು ನೆರೆಯಲ್ಲಿಯೇ ಇದ್ದೂ ಸಿದ್ಧ ಚಿಪ್ ಪೂರ್ವ ಏಷ್ಯಾದಿಂದ ಬರಬೇಕಾಗಿದೆ ಎಂಬುದು ಗಮನಿಸತಕ್ಕ ಸಂಗತಿ. ಅತಿ ಶುದ್ಧವಾದ, ಒಂದೇ ಗಾತ್ರದ ಕಣಗಳ ಪುಡಿಯನ್ನು ತಯಾರಿಸುವುದರಲ್ಲಿಯೇ ಈ ಉದ್ಯಮದ ಗುಟ್ಟು ಅಡಗಿದೆ.

ಅನುಕೂಲಗಳು

ಗಾತ್ರವೇ ಮೊದಲನೆಯ ಅನುಕೂಲ. ಉದ್ಯಮದಲ್ಲಿ 0402 ಎಂದು ಕರೆಯುವ ಚಿಪ್ಪಿನ ಉದ್ದ 1.0 ಮಿಲಿಮೀಟರ್, ಅಗಲ 0.5 ಮಿಲಿಮೀಟರ್, 0603 ಎಂಬುದು 1.6 ಮತ್ತು 0.8 ಮಿಲಿಮೀಟರ್; 0805 ಎಂಬುದು 2.0 ಮತ್ತು 1.25 ಮಿಲಿಮೀಟರ್. ಇದಕ್ಕೆ ತಂತಿಯ ಕಾಲುಗಳಿಲ್ಲದಿರುವುದರಿಂದ ಬೋರ್ಡಿನ ಮೇಲ್ಮೈಯಲ್ಲಿಯೇ ಯಂತ್ರದಿಂದ ಜೋಡಿಸಬಹುದು. ಕಾಲುಗಳಿಲ್ಲದಿರುವುದರ ಇನ್ನೊಂದು ಲಾಭವೆಂದರೆ ಅತಿ ವೇಗದ ಸಂಕೇತಗಳಿಗೆ ಅಡ್ಡಿಯಾಗುವ ಇಂಡಕ್ಟನ್ಸ್ ಬಹಳ ಕಡಿಮೆಯಾಗುವುದು. ಒಳರೋಧವೂ ಕೆಲವೇ ಮಿಲಿ ಓಮ್‌ಗಳಷ್ಟಿರುವುದರಿಂದ ಇದು ಬೇಗನೆ ತುಂಬಿ ಬೇಗನೆ ಬರಿದಾಗಬಲ್ಲದು; ಹಾಗೆ ಮಾಡುವಾಗ ಹೆಚ್ಚು ಬಿಸಿಯಾಗುವುದಿಲ್ಲ.

ಇದಕ್ಕೆ ಧನ, ಋಣ ಎಂಬ ತುದಿಗಳಿಲ್ಲ. ಎಲೆಕ್ಟ್ರೋಲಿಟಿಕ್ ಅಥವಾ ಟ್ಯಾಂಟಲಮ್ ಕೆಪಾಸಿಟರ್‌ಗಳನ್ನು ತಿರುಗುಮುರುಗಾಗಿ ಜೋಡಿಸಿದರೆ ಸಿಡಿಯುವ ಅಪಾಯವಿದೆ. ಸೆರಾಮಿಕ್ ಚಿಪ್ಪಿಗೆ ಆ ಭಯವಿಲ್ಲ.

ಬಾಳಿಕೆಯ ವಿಷಯದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಒಳಗೆ ದ್ರವವಿರುತ್ತದೆ. ಅದು ವರ್ಷಗಳು ಕಳೆದಂತೆ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಅಂಗೀಕೃತ ನಿಯಮ. ಇನ್ವರ್ಟರ್ ಅಥವಾ ಎಲ್‌ಇಡಿ ದೀಪ ನಾಲ್ಕಾರು ವರ್ಷಗಳಲ್ಲಿ ಕೈಕೊಡುವುದಕ್ಕೆ ತಲೆ ಉಬ್ಬಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕಾರಣವಾಗಿರುವುದು ದುರಸ್ತಿಗಾರರ ನಿತ್ಯದ ಅನುಭವ. ಸೆರಾಮಿಕ್ ಚಿಪ್ಪಿನಲ್ಲಿ ಆರುವಂಥದು ಏನೂ ಇಲ್ಲ. ಸರಿಯಾಗಿ ಜೋಡಿಸಿ, ನಿಗದಿತ ವೋಲ್ಟೇಜಿನೊಳಗೆ ಬಳಸಿದರೆ ಅದು ಉಪಕರಣಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಇದರ ಮೇಲೆ ಬೆಲೆಯೂ ಅಗ್ಗ.

ಒಂದೇ ಹೆಸರು, ಬೇರೆ ಬೇರೆ ಸರಕು

ಸೆರಾಮಿಕ್ ಕೆಪಾಸಿಟರ್ ಎಂಬ ಒಂದೇ ಹೆಸರಿನಡಿ ಗುಣದಲ್ಲಿ ಬಹಳ ಭಿನ್ನವಾದ ವಸ್ತುಗಳು ಮಾರಾಟವಾಗುತ್ತವೆ. ಖರೀದಿಯಲ್ಲಿ ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ.

ಸಿ0ಜಿ ಅಥವಾ ಎನ್‌ಪಿ0 ಎಂದು ಗುರುತಿಸುವ ಮೊದಲನೆಯ ವರ್ಗದ ಧಾರಣೆಯು ಉಷ್ಣತೆ ಬದಲಾದರೂ ಬದಲಾಗುವುದಿಲ್ಲವೆಂದೇ ಹೇಳಬಹುದು: ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 30 ಭಾಗದೊಳಗೆ. ಆಂದೋಲಕ, ರೇಡಿಯೋ, ಅಳತೆಯ ಮಂಡಲಗಳಿಗೆ ಇದೇ ಬೇಕು. ಆದರೆ ಇದರಲ್ಲಿ ಬೇರಿಯಂ ಟೈಟನೇಟ್‌ನಂಥ ಹೆಚ್ಚು ಧಾರಣೆಯ ವಸ್ತು ಇಲ್ಲದ ಕಾರಣ ದೊಡ್ಡ ಮೌಲ್ಯಗಳು ಚಿಕ್ಕ ಗಾತ್ರದಲ್ಲಿ ದೊರೆಯವು.

ಎರಡನೆಯ ವರ್ಗದ ಎಕ್ಸ್7ಆರ್ ಋಣ 55ರಿಂದ 125 ಡಿಗ್ರಿಯವರೆಗೆ ಶೇಕಡಾ 15ರೊಳಗಿನ ಏರಿಳಿತವನ್ನು ಕಾಯ್ದುಕೊಳ್ಳುತ್ತದೆ. ಎಕ್ಸ್5ಆರ್‌ಗೂ ಅದೇ ಶೇಕಡಾ 15. ಆದರೆ 85 ಡಿಗ್ರಿಯವರೆಗೆ ಮಾತ್ರ. ವೈ5ವಿ ಎಂಬುದರಲ್ಲಿ ಋಣ 30ರಿಂದ 85 ಡಿಗ್ರಿಯ ನಡುವೆ ಧಾರಣೆ ಶೇಕಡಾ 82ರಷ್ಟು ಕುಸಿಯಲು ಅವಕಾಶವಿದೆ. ಇದು ದೋಷವಲ್ಲ, ಆ ವರ್ಗದ ವ್ಯಾಖ್ಯೆಯೇ ಹಾಗಿದೆ. ಅಗ್ಗವೆಂಬ ಕಾರಣಕ್ಕೆ ವೈ5ವಿ ಚಿಪ್ಪುಗಳನ್ನು ಎಕ್ಸ್7ಆರ್ ಬದಲಿಗೆ ಹಾಕುವುದನ್ನು ದುರಸ್ತಿ ಎನ್ನಲಾಗದು.

ಮಿತಿಗಳು

ಬರೆದ ಮೌಲ್ಯ ಮತ್ತು ದೊರೆಯುವ ಮೌಲ್ಯ. ಎರಡನೆಯ ವರ್ಗದ ಚಿಪ್ಪುಗಳಿಗೆ ಡಿ.ಸಿ. ವೋಲ್ಟೇಜನ್ನು ಕೊಟ್ಟಂತೆ ಅವುಗಳ ಧಾರಣೆ ಕಡಿಮೆಯಾಗುತ್ತದೆ. 10 ಮೈಕ್ರೋಫ್ಯಾರಡ್, 6.3 ವೋಲ್ಟ್ ಎಂದು ಮಾರುವ ಚಿಕ್ಕ ಚಿಪ್ಪಿಗೆ ಪೂರ್ಣ 6.3 ವೋಲ್ಟನ್ನೇ ಕೊಟ್ಟರೆ ಅರ್ಧಕ್ಕಿಂತ ಕಡಿಮೆ ಧಾರಣೆ ಉಳಿಯುವುದು ಸಾಮಾನ್ಯ. ಗಾತ್ರ ಚಿಕ್ಕದಾದಷ್ಟೂ, ಪದರ ತೆಳುವಾದಷ್ಟೂ ಈ ಕುಸಿತ ಹೆಚ್ಚು. ಎಕ್ಸ್7ಆರ್ ಎಂಬ ಗುರುತು ಉಷ್ಣತೆಯ ಬಗ್ಗೆ ಮಾತ್ರ ಭರವಸೆ ನೀಡುತ್ತದೆಯೇ ಹೊರತು ವೋಲ್ಟೇಜಿನ ಬಗ್ಗೆ ಅಲ್ಲ. ಆದುದರಿಂದ ಬದಲಿ ಚಿಪ್ಪನ್ನು ಆರಿಸುವಾಗ ಮೂಲದಷ್ಟೇ ದೊಡ್ಡ ಗಾತ್ರವನ್ನು, ಮೂಲದಷ್ಟು ಅಥವಾ ಅದಕ್ಕಿಂತ ಹೆಚ್ಚಿನ ವೋಲ್ಟೇಜು ದರವನ್ನು ಉಳಿಸಿಕೊಳ್ಳಬೇಕು. ಜಾಗ ಉಳಿಯಿತೆಂದು ಚಿಕ್ಕ ಗಾತ್ರದ ಚಿಪ್ ಹಾಕಿದರೆ ಮೀಟರಿನಲ್ಲಿ ಮೌಲ್ಯ ಸರಿಯಾಗಿ ಕಂಡರೂ ಕೆಲಸದಲ್ಲಿ ಕೊರತೆಯಾಗುತ್ತದೆ.

ಮುಪ್ಪು. ಬೇರಿಯಂ ಟೈಟನೇಟ್ ಚಿಪ್ಪುಗಳು ತಯಾರಾದ ದಿನದಿಂದಲೇ ಅಲ್ಪಾಲ್ಪವಾಗಿ ಧಾರಣೆಯನ್ನು ಕಳೆದುಕೊಳ್ಳುತ್ತವೆ. ಎಕ್ಸ್7ಆರ್‌ನಲ್ಲಿ ಕಾಲಾವಧಿ ಹತ್ತು ಪಟ್ಟು ಹೆಚ್ಚಾದಾಗಲೆಲ್ಲ, ಅಂದರೆ 100 ಗಂಟೆಯಿಂದ 1,000 ಗಂಟೆಗೆ, 1,000ದಿಂದ 10,000 ಗಂಟೆಗೆ, ಶೇಕಡಾ 2ರಿಂದ 3ರಷ್ಟು ಇಳಿಕೆ ಇರುತ್ತದೆ. ಸುಮಾರು 150 ಡಿಗ್ರಿಗೆ ಕಾಯಿಸಿದರೆ ಕಳೆದುಹೋದ ಧಾರಣೆ ಮರಳಿ ಬರುತ್ತದೆ. ಬೆಸುಗೆ ಹಾಕಿದ ತಕ್ಷಣ ಅಳೆದಾಗ ಹೆಚ್ಚು, ಮರುದಿನ ಅಳೆದಾಗ ಕಡಿಮೆ ಕಾಣುವುದಕ್ಕೆ ಇದೇ ಕಾರಣ, ಗಾಬರಿಯಾಗಬೇಕಾದುದಿಲ್ಲ.

ಸದ್ದು. ಈ ವಸ್ತುವು ವಿದ್ಯುತ್ತಿಗೆ ತಕ್ಕಂತೆ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ. ಬೋರ್ಡು ಹಲಗೆಯಂತೆ ಕಂಪಿಸಿ ಕೀಚಲು ಧ್ವನಿ ಕೇಳಿಬರಬಹುದು. ಕಿರಿಕಿರಿಯಷ್ಟೇ, ಅಪಾಯವಿಲ್ಲ. ಧ್ವನಿವರ್ಧಕದ ಸಂಕೇತ ಸಾಗುವ ಮಾರ್ಗದಲ್ಲಿ ಮಾತ್ರ ಇದು ನಿಜವಾದ ದೋಷವಾಗುತ್ತದೆ.

ತೀರ ಕಡಿಮೆ ಒಳರೋಧ. ಅನುಕೂಲವೆಂದು ಮೇಲೆ ಹೇಳಿದ ಗುಣವೇ ಎರಡು ಕಡೆ ತೊಂದರೆ ಕೊಡುತ್ತದೆ. ಹಳೆಯ ಮಾದರಿಯ ಕೆಲವು ವೋಲ್ಟೇಜ್ ರೆಗ್ಯುಲೇಟರ್‌ಗಳು ಹೊರತುದಿಯ ಕೆಪಾಸಿಟರ್‌ನಲ್ಲಿ ಸ್ವಲ್ಪ ಒಳರೋಧವಿರಬೇಕೆಂಬ ಲೆಕ್ಕದಲ್ಲಿ ರಚಿತವಾಗಿವೆ. ಅಲ್ಲಿನ ಎಲೆಕ್ಟ್ರೋಲಿಟಿಕ್ ಅಥವಾ ಟ್ಯಾಂಟಲಮ್ ತೆಗೆದು ಸೆರಾಮಿಕ್ ಹಾಕಿದರೆ ರೆಗ್ಯುಲೇಟರ್ ಅಸ್ಥಿರವಾಗಿ ಆಂದೋಲಿಸುತ್ತದೆ. ಎರಡನೆಯದಾಗಿ, ಚಾಲೂ ಇರುವ ಅಡಾಪ್ಟರಿನ ಉದ್ದ ತಂತಿಯನ್ನು ಉಪಕರಣಕ್ಕೆ ಚುಚ್ಚಿದಾಗ ತಂತಿಯ ಇಂಡಕ್ಟನ್ಸ್ ಮತ್ತು ಸೆರಾಮಿಕ್ ಕೆಪಾಸಿಟರ್ ಸೇರಿ ಒಳಗಿನ ವೋಲ್ಟೇಜು ಕ್ಷಣಕಾಲ ಇಮ್ಮಡಿಯ ಸಮೀಪಕ್ಕೆ ಜಿಗಿಯಬಹುದು. ಅಡಾಪ್ಟರನ್ನು ಮೊದಲು ಉಪಕರಣಕ್ಕೆ ಜೋಡಿಸಿ, ಅನಂತರ ಗೋಡೆಯ ಸ್ವಿಚ್ ಹಾಕುವ ಹಳೆಯ ಪದ್ಧತಿಯನ್ನು ಬಿಡದಿರುವುದು ಲೇಸು.

ಬಿರುಕು. ಎಲ್ಲಕ್ಕಿಂತ ಮುಖ್ಯವಾದ ಮಿತಿ ಇದು. ಚಿಪ್ಪು ಮೂಲತಃ ಪಿಂಗಾಣಿ. ಒತ್ತಿದರೆ ತಡೆಯುತ್ತದೆ, ಬಗ್ಗಿಸಿದರೆ ಒಡೆಯುತ್ತದೆ. ಬೋರ್ಡು ಬಾಗಿದಾಗ ಬೆಸುಗೆಯ ಮೂಲಕ ಆ ಎಳೆತ ಚಿಪ್ಪಿಗೆ ತಲುಪಿ, ತುದಿಯ ಲೋಹದ ಟೊಪ್ಪಿಗೆಯ ಅಂಚಿನಿಂದ ಓರೆಯಾಗಿ ಒಳಗೆ ಬಿರುಕು ಬಿಡುತ್ತದೆ. ಹೊರಗಿನಿಂದ ಭೂತಗನ್ನಡಿ ಹಿಡಿದು ನೋಡಿದರೂ ಅನೇಕ ವೇಳೆ ಕಾಣುವುದಿಲ್ಲ. ಸ್ಕ್ರೂ ಬಿಗಿಯುವಾಗ, ಗಟ್ಟಿಯಾದ ಪ್ಲಗ್ ಕೀಳುವಾಗ, ಫೋನು ಕೈಜಾರಿ ಬಿದ್ದಾಗ, ಬೋರ್ಡನ್ನು ಡಬ್ಬಿಯಿಂದ ಸ್ಕ್ರೂಡ್ರೈವರ್‌ನಿಂದ ಮೀಟಿ ಎಬ್ಬಿಸುವಾಗ ಇದು ಸಂಭವಿಸುತ್ತದೆ. ದುರಸ್ತಿಗಾರನ ಕೈಯಿಂದಲೇ ಆಗುವ ಹಾನಿಯಲ್ಲಿ ಕೊನೆಯದಕ್ಕೆ ದೊಡ್ಡ ಪಾಲಿದೆ.

ಬಿರುಕು ಬಿಟ್ಟ ಚಿಪ್ಪು ಅಂದೇ ಕೆಡುವುದಿಲ್ಲ. ದಿನಗಳು ಅಥವಾ ತಿಂಗಳುಗಳು ಕಳೆದು, ಬಿರುಕಿನೊಳಗೆ ತೇವ ಇಳಿದು, ಎದುರುಬದುರು ಪದರಗಳ ನಡುವೆ ವಿದ್ಯುತ್ ಹರಿಯತೊಡಗುತ್ತದೆ. ಆಗ ಕೆಪಾಸಿಟರ್ ತೆರೆದುಕೊಳ್ಳುವುದಕ್ಕೆ ಬದಲಾಗಿ ಶಾರ್ಟ್ ಆಗುತ್ತದೆ. ಬ್ಯಾಟರಿಗೆ ನೇರವಾಗಿ ಸೇರಿದ ಜಾಗದಲ್ಲಿ ಹೀಗಾದರೆ ಚಿಪ್ಪು ಕೆಂಪಗೆ ಕಾದು ಬೋರ್ಡನ್ನು ಸುಡಬಹುದು. ಆದಕಾರಣವೇ ವಾಹನಗಳ ಬ್ಯಾಟರಿ ಮಾರ್ಗದಲ್ಲಿ ತಯಾರಕರು ಮೆತ್ತನೆಯ ತುದಿಯುಳ್ಳ ಚಿಪ್ಪುಗಳನ್ನು ಬಳಸುತ್ತಾರೆ, ಅಥವಾ ಎರಡು ಚಿಪ್ಪುಗಳನ್ನು ಒಂದರ ಹಿಂದೊಂದು ಜೋಡಿಸುತ್ತಾರೆ; ಒಂದು ಶಾರ್ಟ್ ಆದರೂ ಇನ್ನೊಂದು ತಡೆಯುತ್ತದೆ. ಇಂತಹ ಜೋಡಿಯನ್ನು ಕಂಡಾಗ ಒಂದನ್ನು ಅನಾವಶ್ಯಕವೆಂದು ಭಾವಿಸಿ ತಂತಿಯಿಂದ ದಾಟಿಸಕೂಡದು.

ಕತಗಾಲದಂತಹ ಊರುಗಳಲ್ಲಿ ಗಮನಿಸಬೇಕಾದುದು

ಕತಗಾಲವು ಕುಮಟಾದಿಂದ ದೇವಿಮನೆ ಘಟ್ಟದ ಮೂಲಕ ಶಿರಸಿಗೆ ಹೋಗುವ ರಸ್ತೆಯಲ್ಲಿರುವ ಊರು. ಜಿಲ್ಲೆಯ ಕರಾವಳಿ ತಾಲ್ಲೂಕುಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯಾಗುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಮಳೆ ಜೋರಾದಾಗ ಚಂಡಿಕಾ ಹೊಳೆ ಉಕ್ಕಿ ಕತಗಾಲದ ಬಳಿ ರಸ್ತೆಯ ಮೇಲೆ ನೀರು ನಿಲ್ಲುವುದುಂಟು. ಅಂತಹ ದಿನಗಳಲ್ಲಿ ಕುಮಟಾ ಪೇಟೆಯ ಅಂಗಡಿಗೆ ಉಪಕರಣ ಒಯ್ಯುವುದೂ ಸಾಧ್ಯವಾಗದು.

ಸೆರಾಮಿಕ್ ಚಿಪ್ಪಿನ ಒಡಲು ಸುಟ್ಟ ಪಿಂಗಾಣಿಯಾದ್ದರಿಂದ ಹಸಿ ಗಾಳಿಯೊಂದರಿಂದಲೇ ಅದು ಕೆಡುವುದಿಲ್ಲ. ತೇವದಿಂದ ಬರುವ ತೊಂದರೆ ಎರಡು ಬಗೆಯದು. ಮೊದಲನೆಯದು, ಮೇಲೆ ಹೇಳಿದ ಬಿರುಕಿನೊಳಗೆ ನೀರಿಳಿಯುವುದು. ಬೇಸಿಗೆಯಲ್ಲಿ ಸರಿಯಾಗಿದ್ದ ಉಪಕರಣ ಆಷಾಢದಲ್ಲಿ ಕೆಟ್ಟು, ಒಲೆಯ ಹತ್ತಿರ ಇಟ್ಟು ಒಣಗಿಸಿದರೆ ಮತ್ತೆ ನಡೆಯತೊಡಗಿದರೆ, ಬಿರುಕು ಬಿಟ್ಟ ಚಿಪ್ಪು ಅಥವಾ ಮೇಲ್ಮೈಯ ಸೋರಿಕೆ ಇರುವುದೆಂದು ಅನುಮಾನಿಸಬಹುದು. ಎರಡನೆಯದು, ಬೋರ್ಡಿನ ಮೇಲೆ ಕೂತ ಧೂಳು, ಬೆಸುಗೆಯ ಫ್ಲಕ್ಸ್ ಶೇಷ ಮತ್ತು ಉಪ್ಪು ತೇವವನ್ನು ಹೀರಿ ಚಿಪ್ಪಿನ ಎರಡು ತುದಿಗಳ ನಡುವೆ ವಿದ್ಯುತ್ತಿಗೆ ದಾರಿ ಮಾಡಿಕೊಡುವುದು. 0402 ಚಿಪ್ಪಿನಲ್ಲಿ ಆ ಎರಡು ತುದಿಗಳ ಅಂತರ ಅರ್ಧ ಮಿಲಿಮೀಟರ್ ಮಾತ್ರ. ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವ ತಾಲ್ಲೂಕಿನ ಸಮುದ್ರದಂಚಿನ ಗಾಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊನ್ನಾವರ, ಭಟ್ಕಳಗಳ ದೋಣಿಗಳಲ್ಲಿರುವ ಉಪಕರಣಗಳಿಗಂತೂ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ದುರಸ್ತಿಯಾದ ಮೇಲೆ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ರಕ್ಷಣಾ ವಾರ್ನಿಷ್ ಹಚ್ಚುವುದು ಕರಾವಳಿಯಲ್ಲಿ ಐಚ್ಛಿಕ ಕೆಲಸವಲ್ಲ, ಅವಶ್ಯಕ ಕೆಲಸ. ತೊಳೆಯದೆ ವಾರ್ನಿಷ್ ಹಚ್ಚಿದರೆ ಉಪ್ಪು ಒಳಗೇ ಉಳಿದು ಹಾನಿ ಹೆಚ್ಚುತ್ತದೆ.

ನೆರೆನೀರು ಹೊಕ್ಕ ಉಪಕರಣವನ್ನು ಯಾವ ಕಾರಣಕ್ಕೂ ಚಾಲೂ ಮಾಡಿ ನೋಡಬಾರದು. ಸಾಧ್ಯವಿದ್ದರೆ ಬ್ಯಾಟರಿಯನ್ನು ತೆಗೆದು, ಕೆಸರು ಒಣಗುವ ಮೊದಲೇ ದುರಸ್ತಿಗಾರರಿಗೆ ತಲುಪಿಸತಕ್ಕದ್ದು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವುದರಿಂದ ಕೆಸರಾಗಲಿ ಉಪ್ಪಾಗಲಿ ಹೋಗುವುದಿಲ್ಲ.

ದುರಸ್ತಿ ಕೈಗೊಳ್ಳುವವರಿಗೆ

ಕೈಗಾರಿಕಾ ತರಬೇತಿ ಸಂಸ್ಥೆಗಳ ಎರಡು ವರ್ಷಗಳ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ವೃತ್ತಿಯಲ್ಲಿ ಮೇಲ್ಮೈ ಜೋಡಣೆಯ ಬೆಸುಗೆಯನ್ನು ಕಲಿಸಲಾಗುತ್ತದೆ. ಸಲಕರಣೆಗಾಗಿ ಸಾಲದ ಅರ್ಜಿಯೊಡನೆ ಅಂದಾಜು ಪಟ್ಟಿ ಸಲ್ಲಿಸುವವರು ಸಾಮಾನ್ಯ ಸೋಲ್ಡರಿಂಗ್ ಐರನ್ ಒಂದನ್ನೇ ನಮೂದಿಸಿದರೆ ಸಾಲದು. ಉಷ್ಣತೆಯನ್ನು ನಿಗದಿಪಡಿಸಬಹುದಾದ ಬೆಸುಗೆ ಸ್ಟೇಷನ್, ಬಿಸಿಗಾಳಿಯ ಉಪಕರಣ, ದೊಡ್ಡದಾಗಿ ತೋರಿಸುವ ಮಸೂರ ಅಥವಾ ಸೂಕ್ಷ್ಮದರ್ಶಕ, ಎಲ್‌ಸಿಆರ್ ಮೀಟರ್ ಮತ್ತು ವಿದ್ಯುತ್ ಪ್ರವಾಹಕ್ಕೆ ಮಿತಿ ಹಾಕಬಲ್ಲ ಡಿ.ಸಿ. ಸರಬರಾಜು ಇವು ಈ ಕೆಲಸಕ್ಕೆ ಅಗತ್ಯ. ಥರ್ಮಲ್ ಕ್ಯಾಮೆರಾ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ಎಲ್‌ಸಿಆರ್ ಮೀಟರ್ ಬೇಕಾಗುವುದು ಚಿಪ್ಪಿನ ಮೇಲೆ ಮೌಲ್ಯ ಬರೆದಿರದ ಕಾರಣ. ತಂತಿಕಾಲಿನ ಹಳೆಯ ಸೆರಾಮಿಕ್ ಬಿಲ್ಲೆಯ ಮೇಲೆ 104 ಎಂದಿದ್ದರೆ ಅದು 100 ನ್ಯಾನೋಫ್ಯಾರಡ್ ಎಂದು ಓದಬಹುದಿತ್ತು. ಚಿಪ್ಪಿನ ಮೇಲೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಸುರುಳಿಯಿಂದ ಹೊರತೆಗೆದ ಚಿಪ್ಪುಗಳು ಒಮ್ಮೆ ಬೆರೆತರೆ ಬಣ್ಣದಿಂದ ಗುರುತಿಸುವುದು ಅಸಾಧ್ಯ. ಮೌಲ್ಯವನ್ನು ಅಳೆದು ತಿಳಿಯಬಹುದಾದರೂ ವೋಲ್ಟೇಜು ದರವನ್ನಾಗಲಿ ವರ್ಗವನ್ನಾಗಲಿ ಸಾಮಾನ್ಯ ಅಳತೆಯಿಂದ ತಿಳಿಯಲಾಗದು. ಬೆರೆತವನ್ನು ಬಳಸದೆ ಎಸೆಯುವುದೇ ಕ್ಷೇಮ. ಬೋರ್ಡಿನಲ್ಲಿರುವಾಗಲೇ ಅಳೆದರೆ ಅಕ್ಕಪಕ್ಕದ ಭಾಗಗಳೂ ಸೇರಿ ಅಂಕಿ ತಪ್ಪಾಗಿ ಬರುತ್ತದೆ.

ವಿದ್ಯುತ್ ಮಾರ್ಗವೊಂದು ಶಾರ್ಟ್ ಆಗಿದ್ದು ಅದರ ಮೇಲೆ ಇಪ್ಪತ್ತು ಚಿಪ್ಪುಗಳು ಸಮಾಂತರವಾಗಿದ್ದಾಗ ಒಂದೊಂದಾಗಿ ಕೀಳುತ್ತ ಹೋಗುವುದು ಸರಿಯಾದ ಕ್ರಮವಲ್ಲ. ಆ ಮಾರ್ಗದ ಸಾಮಾನ್ಯ ವೋಲ್ಟೇಜಿಗಿಂತ ಕಡಿಮೆ, ಉದಾಹರಣೆಗೆ 1 ವೋಲ್ಟ್, ಪ್ರವಾಹಕ್ಕೆ ಮಿತಿ ಹಾಕಿ ಕೊಟ್ಟಾಗ ಕೆಟ್ಟ ಚಿಪ್ಪು ಮೊದಲು ಬಿಸಿಯಾಗುತ್ತದೆ. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ತೆಳ್ಳಗೆ ಸವರಿದ್ದರೆ ಅದು ಎಲ್ಲಿ ಮೊದಲು ಆರುತ್ತದೆಯೋ ಅಲ್ಲಿ ದೋಷವಿದೆ. ಆಲ್ಕೋಹಾಲು ಹೊತ್ತಿಕೊಳ್ಳುವ ದ್ರವವಾದುದರಿಂದ ಕಿಟಕಿ ತೆರೆದಿರಬೇಕು, ಬೆಸುಗೆ ಕಡ್ಡಿ ದೂರವಿರಬೇಕು.

ಹೊಸ ಚಿಪ್ಪನ್ನು ಬೆಸೆಯುವಾಗ ಕಾದ ಕಡ್ಡಿಯ ತುದಿಯನ್ನು ಪಿಂಗಾಣಿಗೆ ಮುಟ್ಟಿಸಬಾರದು. ಬೋರ್ಡಿನ ತಾಮ್ರದ ತಳಕ್ಕೆ ಮತ್ತು ಬೆಸುಗೆಗೆ ಮಾತ್ರ ತಾಗಿಸಬೇಕು. ತಣ್ಣಗಿನ ಚಿಪ್ಪಿಗೆ ಒಮ್ಮೆಲೇ ಶಾಖ ತಗುಲಿದರೆ ಬಿರುಕು ಬರುವ ಸಂಭವವಿರುವುದರಿಂದ ಬೋರ್ಡನ್ನು ಮುಂಚಿತವಾಗಿ ಬಿಸಿ ಮಾಡಿಕೊಳ್ಳುವುದು ಉತ್ತಮ. ಬೆಸುಗೆಯನ್ನು ಗುಡ್ಡೆಯಂತೆ ಹೆಚ್ಚು ತುಂಬಿದರೆ ಎಳೆತ ಹೆಚ್ಚಾಗುತ್ತದೆ. ಒಮ್ಮೆ ಕಿತ್ತ ಚಿಪ್ಪನ್ನು ಮತ್ತೆ ಹಾಕಕೂಡದು. ಸಮಾಂತರವಾಗಿರುವ ಹಲವು ಚಿಪ್ಪುಗಳಲ್ಲಿ ಕೆಟ್ಟದ್ದನ್ನು ತೆಗೆದುಬಿಟ್ಟರೆ ಉಪಕರಣ ಓಡುವುದುಂಟು. ಪರೀಕ್ಷೆಗೆ ಅದು ಸರಿ. ಹಾಗೆಯೇ ಬಿಟ್ಟು ದುರಸ್ತಿಯಾಯಿತೆಂದು ಹಣ ಪಡೆಯುವುದು ಗ್ರಾಹಕರಿಗೆ ಮಾಡುವ ಮೋಸ.

ಮನೆಯ ವಿದ್ಯುತ್ ಸರಬರಾಜು ಮತ್ತು ಮೀಟರ್

230 ವೋಲ್ಟ್ ಎ.ಸಿ. ಸರಬರಾಜಿಗೆ ನೇರವಾಗಿ ಸೇರುವ ಸ್ಥಾನಗಳಲ್ಲಿ ಸುರಕ್ಷತಾ ಪ್ರಮಾಣೀಕರಣವುಳ್ಳ, ಎಕ್ಸ್ ಅಥವಾ ವೈ ವರ್ಗವೆಂದು ನಮೂದಾದ ಕೆಪಾಸಿಟರ್‌ಗಳನ್ನು ಮಾತ್ರ ಬಳಸಬೇಕು. ಹೆಸರಿನಲ್ಲಿ ಸಾಮ್ಯವಿದ್ದರೂ ಈ ಎಕ್ಸ್, ವೈಗಳಿಗೂ ಮೇಲೆ ಹೇಳಿದ ಎಕ್ಸ್7ಆರ್, ವೈ5ವಿಗಳಿಗೂ ಯಾವ ಸಂಬಂಧವೂ ಇಲ್ಲ. ಅಗ್ಗದ ಎಲ್‌ಇಡಿ ದೀಪಗಳಲ್ಲಿ ವೋಲ್ಟೇಜು ಇಳಿಸಲು ಇರುವ ದೊಡ್ಡ ಕೆಪಾಸಿಟರ್‌ನ ಜಾಗಕ್ಕೆ ಸಾಮಾನ್ಯ ಸೆರಾಮಿಕ್ ಚಿಪ್ಪನ್ನು ಹಾಕುವುದರಿಂದ ಬೆಂಕಿ ಮತ್ತು ವಿದ್ಯುದಾಘಾತದ ಅಪಾಯವಿದೆ.

ವಿದ್ಯುನ್ಮಾನ ಮೀಟರಿನಲ್ಲಿಯೂ ಈ ಚಿಪ್ಪುಗಳಿವೆ. ಪರದೆ ಮಸುಕಾದರೆ, ಅಂಕಿ ಅಸಹಜವಾಗಿ ಓಡಿದರೆ ಅಥವಾ ನಿಂತರೆ ಗ್ರಾಹಕರಾಗಲಿ ಖಾಸಗಿ ದುರಸ್ತಿಗಾರರಾಗಲಿ ಮೊಹರನ್ನು ತೆರೆಯುವಂತಿಲ್ಲ. ಮೀಟರಿನಲ್ಲಿ ಕೈಯಾಡಿಸಿ ವಿದ್ಯುತ್ ಪಡೆಯುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ 135ನೇ ಪ್ರಕರಣದಡಿ ಅಪರಾಧ. ಉತ್ತರ ಕನ್ನಡ ಜಿಲ್ಲೆಯು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) ವ್ಯಾಪ್ತಿಗೆ ಬರುತ್ತದೆ. ಸಂಬಂಧಪಟ್ಟ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ನಿಗದಿತ ಶುಲ್ಕ ಪಾವತಿಸಿ ಮೀಟರ್ ಪರೀಕ್ಷೆಯನ್ನು ಕೋರಬಹುದು. ಅರ್ಜಿಯಲ್ಲಿ ಆರ್.ಆರ್. ಸಂಖ್ಯೆ, ದೋಷ ಕಂಡ ದಿನಾಂಕ, ಆ ದಿನದ ಮಾಪನಾಂಕಗಳನ್ನು ನಮೂದಿಸಿ, ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.

ದುರಸ್ತಿಗೆ ಕೊಡುವ ಸಾರ್ವಜನಿಕರಿಗೆ

ಬೋರ್ಡು ಬದಲಾಯಿಸುವ ಮುನ್ನ ಬಿಡಿಭಾಗದ ಮಟ್ಟದಲ್ಲಿ ಪರೀಕ್ಷಿಸಲಾಗಿದೆಯೇ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಬದಲಾಯಿಸಿದ ಬೋರ್ಡನ್ನು ಮರಳಿ ಕೇಳಿ ಪಡೆಯಬಹುದು; ರಶೀದಿಯಲ್ಲಿ ಯಾವ ಭಾಗ ಬದಲಾಯಿತೆಂದು ಬರೆಸಿಕೊಳ್ಳುವುದು ಮುಂದಿನ ತಕರಾರಿಗೆ ಆಧಾರವಾಗುತ್ತದೆ. ಖಾತರಿ ಅವಧಿಯಲ್ಲಿರುವ ಉಪಕರಣವನ್ನು ಮಾತ್ರ ಹೊರಗೆ ತೆರೆಸದೆ ಅಧಿಕೃತ ಕೇಂದ್ರಕ್ಕೇ ಒಯ್ಯಬೇಕು. ಹಾಗೆಯೇ, ಚಿಪ್ಪಿನ ಬೆಲೆ ಒಂದು ರೂಪಾಯಿ ಎಂದು ತಿಳಿದ ಮಾತ್ರಕ್ಕೆ ದುರಸ್ತಿಯ ಕೂಲಿಯನ್ನೂ ಅಷ್ಟಕ್ಕೇ ಇಳಿಸಲು ಚೌಕಾಶಿ ಮಾಡುವುದು ನ್ಯಾಯವಲ್ಲ. ಯಾವ ಚಿಪ್ಪು ಕೆಟ್ಟಿದೆ ಎಂದು ಕಂಡುಹಿಡಿಯಲು ತಗಲುವ ಎರಡು ಗಂಟೆಗಳ ಶ್ರಮಕ್ಕೆ ಆ ಹಣ ಸಲ್ಲುತ್ತದೆ.

ಲಭ್ಯತೆ

2018ರಲ್ಲಿ ಜಗತ್ತಿನಾದ್ಯಂತ ಈ ಚಿಪ್ಪುಗಳ ಕೊರತೆಯಾಗಿ ಬೆಲೆಗಳು ಏರಿದ್ದವು. ವಾಹನಗಳಲ್ಲಿಯೂ ಮೊಬೈಲುಗಳಲ್ಲಿಯೂ ಬಳಕೆ ಒಮ್ಮೆಗೇ ಹೆಚ್ಚಿದುದು ಮುಖ್ಯ ಕಾರಣ. ಭಾರತ ಬಹುಮಟ್ಟಿಗೆ ಆಮದನ್ನೇ ಅವಲಂಬಿಸಿದೆ. ಕೇಂದ್ರ ಸಚಿವ ಸಂಪುಟವು 2025ರ ಮಾರ್ಚ್‌ನಲ್ಲಿ 22,919 ಕೋಟಿ ರೂಪಾಯಿ ವೆಚ್ಚದ ವಿದ್ಯುನ್ಮಾನ ಬಿಡಿಭಾಗಗಳ ತಯಾರಿಕಾ ಯೋಜನೆಗೆ ಅನುಮೋದನೆ ನೀಡಿದ್ದು, ಮೇಲ್ಮೈ ಜೋಡಣೆಯ ನಿಷ್ಕ್ರಿಯ ಬಿಡಿಭಾಗಗಳೂ ಅದರಲ್ಲಿ ಸೇರಿವೆ.

ವಿಲೇವಾರಿ

ಕಿತ್ತ ಚಿಪ್ಪುಗಳನ್ನು, ದುರಸ್ತಿಗೆ ನಿಲುಕದ ಬೋರ್ಡುಗಳನ್ನು ಮನೆಯ ಕಸದೊಡನೆ ಸೇರಿಸಬಾರದು, ತೋಟದ ಬದಿಯಲ್ಲಿ ಸುಡಬಾರದು, ಹೊಳೆಗೆ ಎಸೆಯಬಾರದು. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ದಿನಾಂಕ 1-4-2023ರಿಂದ ಜಾರಿಯಲ್ಲಿದ್ದು, ಇ-ತ್ಯಾಜ್ಯವನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಲಾಗಿದೆ. ದುರಸ್ತಿಗಾರರು ಕೆಲಸದ ಸ್ಥಳದಲ್ಲಿ ಮುಚ್ಚಳವಿರುವ ಪ್ರತ್ಯೇಕ ಡಬ್ಬಿಯನ್ನಿಟ್ಟು, ಸಂಗ್ರಹವಾದುದನ್ನು ಸಂಗ್ರಹಣಾ ಕೇಂದ್ರಕ್ಕೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸತಕ್ಕದ್ದು.